ಮಣ್ಣಾದ ಅಪ್ಪ ಮದುವೆಗೆ ಬಂದದ್ದು

ಹತ್ತು ವರ್ಷಗಳಲ್ಲಿ ಮಿನರ್ವಾ ಪ್ರಾಟ್ ಕೊಂದಷ್ಟು ಜನರನ್ನು ಯಾವ ಸೇನಾಪತಿಯೂ ಕೊಂದಿರಲಿಲ್ಲ. ಎಲ್ಲರನ್ನೂ ಟೈಪ್‌ರೈಟರಿನಿಂದಲೇ ಮುಗಿಸಿದ್ದಳು. ಕೆಮ್ಮು ವಾಸಿಯಾಗಲೆಂದು ಕಾನ್ಸಾಸಿನಿಂದ ಲಾಸ್ ಏಂಜಲೀಸಿಗೆ ಬಂದವಳು ಕ್ಲೆಗ್ ಸಾಹೇಬನ ಮೂಕಿಚಿತ್ರಗಳ ಸ್ಟುಡಿಯೋದಲ್ಲಿ ಬೇರೆಯವರ ಕಥೆ ಟೈಪು ಮಾಡಲು ಸೇರಿದಳು. ಕಥೆಗಳು ಎಷ್ಟು ಕೆಟ್ಟದಾಗಿದ್ದವೆಂದರೆ ಟೈಪು ಮಾಡುತ್ತಲೇ ತಿದ್ದಿದಳು. ತಿದ್ದಿದವು ಮಾತ್ರ ಓಡಿದ್ದರಿಂದ ಬರೆಯುವ ಕುರ್ಚಿ ಅವಳದಾಯಿತು. ಅವಳು ಮಾಡಿಸಿದ ಬಡಹುಡುಗಿಯರ ಮದುವೆಗಳನ್ನು ಸಾಲಾಗಿ ನಿಲ್ಲಿಸಿದ್ದರೆ ದಿಬ್ಬಣ ಮೆಕ್ಸಿಕೊ ಗಡಿ ದಾಟುತ್ತಿತ್ತು.

೧೯೧೯ರ ವಸಂತದಲ್ಲಿ ಆ ಕುರ್ಚಿ ಅಲುಗಾಡತೊಡಗಿತು. ಎಲ್ಲರೆದುರಿಗೇ ಕ್ಲೆಗ್ ಹೇಳಿಬಿಟ್ಟಿದ್ದ: "ನ್ಯೂಯಾರ್ಕಿಂದ ಕಾಲೇಜು ಓದಿದ ಗಂಡಸರು ಬರೋಕೆ ತಯಾರಿದ್ದಾರೆ, ಮಿಸ್ ಪ್ರಾಟ್. ಇನ್ನೊಂದು ತಪ್ಪಾದ್ರೆ ಆ ಕುರ್ಚಿ ಅವರದು."

ಅಂದಿನಿಂದ ಮಿನರ್ವಾ ಬರೆದದ್ದನ್ನು ಮೂರು ಸಲ ಓದುತ್ತಿದ್ದಳು. ಆದರೂ ಗುರುವಾರ ಬೆಳಿಗ್ಗೆ, ರೀಲು ಕತ್ತರಿಸಿ ಜೋಡಿಸುವ ಕೋಣೆಯಲ್ಲಿ ಆ ಕೆಲಸದ ಇಂಗೆಬೋರ್ಗ್ ತಲೆಯೆತ್ತಿ ಕೇಳಿದಳು:

"ಮಾರಾಯ್ತಿ, ಈ ಹುಡುಗಿಯ ಅಪ್ಪ ಬದುಕಿದ್ದಾನೋ ಸತ್ತಿದ್ದಾನೋ?"

"ಸತ್ತಿದ್ದಾನೆ. ಹೊಳೆಗೆ ಬಿದ್ದು."

"ಮತ್ತೆ ಮದುವೇಲಿ ಮಗಳ ಕೈ ಹಿಡ್ಕೊಂಡು ಬರ್ತಾನಲ್ಲೇ!"

ಸೆಟ್ಟು ಯಾವುದು ಸಿದ್ಧವಿದೆಯೋ ಅದನ್ನೇ ಮೊದಲು ಚಿತ್ರೀಕರಿಸುವುದು ಅಲ್ಲಿಯ ಪದ್ಧತಿ. ಕೊನೆಯ ಮದುವೆಯನ್ನು ಮೊದಲ ದಿನವೇ ತೆಗೆದಿದ್ದರು. ಆಮೇಲೆ ಕಥೆಗೆ ಕಣ್ಣೀರು ಸಾಲದೆಂದು ಮಿನರ್ವಾ ಅಪ್ಪನನ್ನು ಮುಳುಗಿಸಿದ್ದಳು. ಅರೆಬರೆಯಾಗಿಯೂ ಅಲ್ಲ, ಹೆಣ ತೆಗೆಸಿ, ಮಣ್ಣು ಹಾಕಿಸಿ, ಮೇಲೆ ಕಲ್ಲು ನೆಡಿಸಿದ್ದಳು. ಈಗ ಚರ್ಚಿನ ಸೆಟ್ಟು ಬೇರೆ ಚಿತ್ರಕ್ಕೆ ಕುದುರೆ ಲಾಯವಾಗಿತ್ತು, ಅಪ್ಪನ ವೇಷದವನು ನಾಟಕದ ಕಂಪನಿಯೊಂದಿಗೆ ಶಿಕಾಗೊದಲ್ಲಿದ್ದ. ಶನಿವಾರ ಮಧ್ಯಾಹ್ನ ಪೊಮೋನಾ ಊರಿನಲ್ಲಿ ಮೊದಲ ಪ್ರದರ್ಶನ.

"ಅಪ್ಪನ ಅವಳಿ ಅಣ್ಣ ಅಂತ ಬರಿ," ಎಂದಳು ಇಂಗೆಬೋರ್ಗ್.

"ಹೋದ ತಿಂಗಳ ಚಿತ್ರದಲ್ಲೇ ಒಬ್ಬ ಅವಳಿ ಬಂದು ಹೋದ ಕಣೇ. ಸಾಹೇಬರು ಅವತ್ತೇ ಕುರ್ಚಿ ಮಾತು ಎತ್ತಿದ್ದು."

ಮಿನರ್ವಾ ಪೆನ್ಸಿಲಿನ ಅರ್ಧ ತಿಂದು ಮುಗಿಸಿದ ಮೇಲೆ ದೃಶ್ಯಗಳ ನಡುವೆ ತೆರೆಯ ಮೇಲೆ ಬರುವ ಮಾತಿನ ಫಲಕವೊಂದನ್ನು ಬರೆದಳು: "ಬೇರೆ ಯಾರ ಕಣ್ಣಿಗೂ ಬೀಳದೆ, ಮಗಳ ಕೈ ಹಿಡಿದು ಅಪ್ಪನ ಆತ್ಮ ನಡೆಸಿಕೊಂಡು ಬಂತು."

"ಯಾರ ಕಣ್ಣಿಗೂ ಬೀಳದವನಿಗೆ ಅಳಿಯ ಕೈ ಕುಲುಕ್ತಾನಲ್ಲ?"

"ಕತ್ತರಿಸು."

"ಪಾದ್ರಿ ನೋಡಿ ತಲೆಯಾಡಿಸ್ತಾರೆ. ಅದನ್ನ ಕತ್ತರಿಸಿದ್ರೆ ಮದುವೇನೇ ಹೋಗುತ್ತೆ."

ಮಿನರ್ವಾ ಪೆನ್ಸಿಲಿನ ಉಳಿದರ್ಧವನ್ನೂ ಬಾಯಿಗಿಟ್ಟು, ಪಾದ್ರಿಯನ್ನು ಹಾಗೇ ಬಿಟ್ಟಳು.

ಶನಿವಾರ ಕ್ಲೆಗ್ ಅವಳ ಪಕ್ಕದಲ್ಲೇ ಕುಳಿತ. ಅಪ್ಪ ಮುಳುಗಿದ, ಮಣ್ಣಾದ. ತೆರೆಯ ಪಕ್ಕದ ಪಿಯಾನೋದವಳು ಅತ್ತುಕೊಂಡೇ ಬಾರಿಸಿದಳು. ಮಿನರ್ವಾಳ ಎದೆ ಬಡಿತಕ್ಕೆ ಮುಂದಿನ ಮೂರು ಸಾಲಿನವರ ಟೋಪಿಗಳು ಅದುರುತ್ತಿದ್ದವು. ಫಲಕ ಬಂತು. ಅಪ್ಪ ಬಂದ. ಪಾದ್ರಿ ತಲೆಯಾಡಿಸಿದ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಗಟ್ಟಿಯಾಗಿಯೇ ಕೇಳಿದಳು: "ಅಮ್ಮಾ, ಪಾದ್ರಿಗೆ ಹೇಗೆ ಕಾಣಿಸ್ದ?"

ಕ್ಲೆಗ್ ಅತ್ತ ಕತ್ತು ತಿರುಗಿಸಿದ. ಮಿನರ್ವಾ ಕಣ್ಣು ಮುಚ್ಚಿದಳು.

"ಪಾದ್ರಿಗೆ ಕಾಣದೆ ಇನ್ಯಾರಿಗೆ ಕಾಣುತ್ತೆ? ಸುಮ್ನೆ ಅಳೇ," ಎಂದು ತಾಯಿ ಗದರಿ, ಮೂಗು ಸೀಟಿದಳು. ಅವಳ ಹಿಂದೆ ಇಡೀ ಪೊಮೋನಾ ಮೂಗು ಸೀಟಿತು. ಊರಿನ ಕಿತ್ತಳೆ ತೋಟಗಳಿಗೆ ಆ ವಾರ ನೀರು ಬಿಡಬೇಕಾಗಲಿಲ್ಲವಂತೆ.

ಹೊರಗೆ ಬಂದ ಕ್ಲೆಗ್ ಕಣ್ಣೊರೆಸಿಕೊಂಡು ಕೇಳಿದ: "ಇದನ್ನ ಮೊದಲಿಂದಲೂ ಯೋಚಿಸಿದ್ರಾ?"

"ಮೊದಲಿಂದಲೂ, ಯಜಮಾನ್ರೇ."

"ಹಾಗಾದ್ರೆ ಆ ಕಾಲೇಜಿನೋರು ನ್ಯೂಯಾರ್ಕಲ್ಲೇ ಇರ್ಲಿ. ಸೋಮವಾರ ಶುರುವಾಗೋ ಚಿತ್ರದಲ್ಲೂ ಹೀಗೇ ಬೇಕು. ಈ ಸಲ ಅಮ್ಮನ್ನ ಸಾಯಿಸಿ."

ಆ ಕಥೆಯಲ್ಲಿ ಅಮ್ಮನೇ ಇರಲಿಲ್ಲ. ಮಿನರ್ವಾ "ಆಗಲಿ" ಎಂದಳು. ಕೊಲ್ಲುವ ಮೊದಲು ಒಬ್ಬಳನ್ನು ಹುಟ್ಟಿಸಬೇಕಿತ್ತು, ಉಳಿದಿದ್ದುದು ಭಾನುವಾರ ಒಂದೇ.