ಕಾಲು ಊರುವ ತನಕ ಕಾಯುವ ಮಲಂಗಸಾಬ

ಮಾರ್ಚ್ ತಿಂಗಳ ಬೆಳಗಿನ ಐದೂವರೆ. ಅಫಜಲಪುರದ ಅಡತಿ ಅಂಗಡಿಯೊಂದರ ಮುಂದೆ ತೊಗರಿ ಲಾರಿ ನಿಂತಿದೆ. ಅದರ ಹಿಂದೆ ಬೆನ್ನು ಬಾಗಿಸಿ ನಿಂತವರು ಹಮಾಲ ಮಲಂಗಸಾಬ. ಮೇಲಿದ್ದವರು ಕ್ವಿಂಟಲ್ ತೂಕದ ಚೀಲ ಜಾರಿಸುತ್ತಾರೆ, ಇವರು ಅರ್ಧ ಹೆಜ್ಜೆ ಒಳಸರಿದು ಬೆನ್ನು ಕೊಡುತ್ತಾರೆ. ದಿನಕ್ಕೆ ಎಂಬತ್ತು ಚೀಲ. ವಯಸ್ಸು ಮೂವತ್ತೆಂಟು.

ನಾನು ಬಂದಿರುವುದು ಚೀಲ ನೋಡಲಿಕ್ಕಲ್ಲ. ಸಂಜೆಗೆ ಇದೇ ಮನುಷ್ಯ ಊರ ಫುಟ್‌ಬಾಲ್ ತಂಡದಲ್ಲಿ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಬ್ಯಾಕ್. ತಂಡದಲ್ಲಿ ಇವರಷ್ಟು ನಿಧಾನ ಓಡುವವರು ಇನ್ನೊಬ್ಬರಿಲ್ಲ. ಎದುರಾಳಿಯ ಪಾಸನ್ನು ಇವರಷ್ಟು ಕಸಿಯುವವರೂ ಇಲ್ಲ. ಅದು ಹೇಗೆ ಎಂಬ ಪ್ರಶ್ನೆ ವಾರದಿಂದ ನನ್ನ ತಲೆ ತಿನ್ನುತ್ತಿದೆ.

"ಚೆಂಡ ನೋಡಬಾರದ್ರಿ," ಎನ್ನುತ್ತಾರೆ ಚಹಾ ಊದುತ್ತ. "ಒದಿಯೂ ಮುಂದ ಅವ ಇನ್ನೊಂದು ಕಾಲು ನೆಲಕ್ಕ ಊರ್ತಾನಲ್ಲ, ಅದನ್ನ ನೋಡಬೇಕು. ಅದು ಊರೂಕಿಂತ ಮೊದಲ ನಾ ಹೊಂಟ್ರ ಬ್ಯಾರೆ ಕಡೆ ಕೊಡ್ತಾನ. ಚೆಂಡು ಹೊಂಟ ಮ್ಯಾಲ ಓಡಿದ್ರ ನನ್ನಂಥಾವಗ ಎಲ್ಲಿ ಸಿಗ್ತದ? ಊರಿದ ಕೂಡ್ಲೇ ಹೋಗಬೇಕು."

ಹೋದ ವರ್ಷ, ೧೯೮೩ರಲ್ಲಿ, ಗುಲಬರ್ಗಾದಲ್ಲಿ ಈ ಲೆಕ್ಕವೇ ಕೈಕೊಟ್ಟಿತು. ಇಲ್ಲಿನ ಮೈದಾನ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಚೆಂಡಿನ ವೇಗ ನುಂಗುತ್ತದೆ. ಅದಕ್ಕೇ ಒಗ್ಗಿದ ಕಾಲು, ಚೆಂಡು ವೇಗವಾಗಿ ಉರುಳುವ ಅಲ್ಲಿನ ಗಟ್ಟಿ ಮೊರಮಿನ ನೆಲದ ಮೇಲೂ ಅದೇ ಅಳತೆಗೆ ನುಗ್ಗಿತು. ಚೆಂಡು ಗೇಣು ದೂರದಲ್ಲಿ ದಾಟಿಹೋಗಿ ಗೋಲಾಯಿತು, ಪಂದ್ಯ ಹೋಯಿತು.

ಬರುವ ಭಾನುವಾರ ಮತ್ತೆ ಅಲ್ಲೇ ಆಟ, ಅದೇ ತಂಡದ ಎದುರು. ತಂಡದ ಕಾರ್ಯದರ್ಶಿ ದತ್ತಪ್ಪ ಮುಲಾಜಿಲ್ಲದ ಮನುಷ್ಯ. "ಇದೊಂದು ಆಟ ನೋಡ್ತೇನಿ ಮಲಂಗ. ಮತ್ತ ಹಂಗ ಆದ್ರ ಜಾಗ ಬಿಡು" ಎಂದುಬಿಟ್ಟಿದ್ದಾರೆ.

ಅದಕ್ಕೇ ಹತ್ತು ದಿನದಿಂದ ಮಲಂಗಸಾಬ ಮೈದಾನ ಬಿಟ್ಟು ಊರಿನ ರೈತ ಮಹಿಳೆ ಸುಭದ್ರಾಬಾಯಿಯವರ ಕಣದಲ್ಲಿ ಅಭ್ಯಾಸ ನಡೆಸಿದ್ದಾರೆ. ಜೋಳದ ರಾಶಿ ಮುಗಿದ ಕಣ. ಕಲ್ಲುಗುಂಡು ಉರುಳಿಸಿ, ಸೆಗಣಿ ಸಾರಿಸಿ ಗಟ್ಟಿ ಮಾಡಿದ ನೆಲ. ಚೆಂಡು ಸರ್ರನೆ ಹೋಗುತ್ತದೆ.

"ರಾಶಿ ಪೂಜಾ ಮಾಡೂ ಜಾಗ ಅದ. ಕಾಲ್ಮರಿ ಹಾಕ್ಕೊಂಡು ಯಾರೂ ತುಳಿಯಂಗಿಲ್ಲ," ಎಂದರಂತೆ ಸುಭದ್ರಾಬಾಯಿ.

"ಬರಿಗಾಲಾಗೇ ಆಡ್ತೇವ್ರಿ ಅವ್ವಾರ," ಎಂದರಂತೆ ಇವರು. ಜೊತೆಗಾರ ಹಮಾಲರು ಒದೆಯುತ್ತಾರೆ, ಇವರು ತಡೆಯುತ್ತಾರೆ. ಹೆಬ್ಬೆರಳ ಉಗುರು ಆಗಲೇ ಕಿತ್ತುಹೋಗಿದೆ.

ಭಾನುವಾರ ನಾನೂ ಅವರ ಜೊತೆ ಬಸ್ಸು ಹತ್ತುತ್ತೇನೆ. ಗುಲಬರ್ಗಾದ ಮೈದಾನದಲ್ಲಿ ಆಟ ಮುಗಿಯಲು ಐದು ನಿಮಿಷ ಬಾಕಿ, ಅಫಜಲಪುರದವರು ಒಂದು ಗೋಲು ಮುಂದಿದ್ದಾರೆ. ಎದುರಾಳಿ ತಂಡದವನೊಬ್ಬ ಚೆಂಡಿನೊಡನೆ ಬರುತ್ತಿದ್ದಾನೆ. ಗೋಲಿನ ಮುಂದೆ ಅವನ ಜೊತೆಗಾರ ಒಬ್ಬನೇ ನಿಂತಿದ್ದಾನೆ. ಇಬ್ಬರ ನಡುವಿನ ಜಾಗ ಖಾಲಿ, ಮಲಂಗಸಾಬ ಅದರಿಂದ ನಾಲ್ಕು ಹೆಜ್ಜೆ ದೂರ. "ಹೋಗ್ರಿ!" ಎಂದು ನಾನೇ ಕೂಗುತ್ತೇನೆ. ಕದಲುವುದಿಲ್ಲ ಪುಣ್ಯಾತ್ಮ. ಒದೆಯುವವನ ಎಡಗಾಲು ನೆಲಕ್ಕೆ ಊರುತ್ತದೆ. ಆಗ ಹೊರಡುತ್ತಾರೆ. ಹೋದ ವರ್ಷದ ಅಳತೆಗಲ್ಲ, ಚೆಂಡಿನ ವೇಗಕ್ಕೆ ತಕ್ಕಂತೆ ಅದಕ್ಕಿಂತ ಒಂದು ಹೆಜ್ಜೆ ಗೋಲಿನ ಕಡೆಗೆ. ಚೆಂಡು ಬಂದು ಅವರ ಕಾಲಿಗೇ ಸೇರುತ್ತದೆ. ಖುಷಿಗೆ ನನ್ನ ಕಣ್ಣು ತುಂಬುತ್ತದೆ.

ಪಂದ್ಯ ಗೆದ್ದ ಮೇಲೆ ಹಾರ ಬೀಳುವುದು ಗೋಲು ಹೊಡೆದವನ ಕೊರಳಿಗೆ. ದತ್ತಪ್ಪ ಮಲಂಗಸಾಬರ ಬೆನ್ನು ತಟ್ಟಿ, "ಬರೋ ವರ್ಷಾನೂ ನೀನೇ ನಿಲ್ಲು" ಎಂದಷ್ಟೇ ಹೇಳಿ ಹೋಗುತ್ತಾರೆ. ಆ ಪಾಸು ಕೊಟ್ಟ ಎದುರಾಳಿಗೆ ಮಾತ್ರ ಸಮಾಧಾನವಿಲ್ಲ. ಹುಡುಕಿಕೊಂಡು ಬಂದು ಕೇಳುತ್ತಾನೆ: "ಚಾಚಾ, ಅಲ್ಲಿ ಜಾಗ ಪೂರಾ ಖಾಲಿ ಇತ್ತಲ್ರಿ?"

ಮಲಂಗಸಾಬ ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತಾರೆ.

"ಖಾಲಿ ಇರಲಿಲ್ಲ ತಮ್ಮಾ. ನಾ ಬಿಟ್ಟಿದ್ದೆ."