ರಿಫಾದ ಲಾಯದಲ್ಲಿ ಇಂಗ್ಲೆಂಡಿನ ಬಾಗಿಲುಗಳು

ಕೊಲ್ಲಿ ನಾಡಿನ ರಿಫಾ ಊರಿನಲ್ಲಿ ಅರಬ ಮಾಲೀಕರೊಬ್ಬರು ತಮ್ಮ ಕುದುರೆ ಲಾಯದ ಬಾಗಿಲುಗಳನ್ನು ತೋರಿಸಿದರು. ಇಂಗ್ಲೆಂಡಿನಲ್ಲಿ ಕೆಡವಿಹಾಕಿದ ಬಂಗಲೆಯೊಂದರ ಲಾಯದಿಂದ, ಸಾರೋಟು ನಿಲ್ಲಿಸುವ ಕೊಟ್ಟಿಗೆಯಿಂದ ಬಂದವಂತೆ. ನಾನು ನಂಬಲಿಲ್ಲ. ಮೇಲಂಚಿನಲ್ಲಿ ಕುದುರೆಗಳು ಕಚ್ಚಿದ ಗುರುತುಗಳಿದ್ದವು ನಿಜ. ಉಳಿಯಿಂದ ಅಷ್ಟು ಕೆತ್ತುವುದೇನು ಮಹಾ?

ಅವರು ಫೋನ್ ಹಿಡಿದು ಹೊರಗೆ ಹೋದಾಗ, ಅಲ್ಲಿದ್ದ ಕಾರ್ಕಳದ ಬಡಗಿಯನ್ನು ಕೇಳಿದೆ: "ಈ ಗುರುತು ನಿಮ್ಮ ಕೈಚಳಕ ಅಲ್ವಾ ಆಚಾರ್ರೇ?"

"ಛೆ, ಇದು ಹಳೇದೇ ಮಾರಾಯ್ರೆ. ಆ ಕೊನೇದು ಮಾತ್ರ ನಾನು ಮಾಡಿದ್ದು. ಹಡಗಲ್ಲಿ ಬರುವಾಗ ಒಂದು ಬಾಗಿಲು ತುಂಡಾಗಿತ್ತು. ಅರ್ಬಾಬಿಗೆ, ಅದೇ ಧಣಿಗೆ, ಹೇಳ್ಬೇಡಿ, ಅವ್ರಿಗೆ ಗೊತ್ತಿಲ್ಲ."

ಕೊನೆಯ ಬಾಗಿಲಿನಲ್ಲೂ ಅದೇ ಹಲ್ಲಿನ ಗುರುತುಗಳು! ಆಚಾರ್ರು ಸಿಕ್ಕಿಬಿದ್ದರು ಎಂದುಕೊಂಡು ಅಂಚನ್ನು ಸವರಿದೆ. ಬೆರಳಿಗೆ ಕುದುರೆಯ ಹಸಿ ಜೊಲ್ಲು ಅಂಟಿತು.