ಹನ್ನೊಂದನ್ನು ಹದಿನಾಲ್ಕು ಎಂದ ನನ್ನ ತಮ್ಮ

ನನ್ನ ತಮ್ಮ ಟೀವಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟದ ಕಾಮೆಂಟರಿ ಹೇಳುವವನು. ಅವನ ಬಗ್ಗೆ ಜನ ಏನೇನು ಬರೆದಿದ್ದಾರೆ ಎಂಬುದನ್ನು ಪ್ರತಿ ಭಾನುವಾರ ಬೆಳಿಗ್ಗೆ ಅವನಿಗೆ ಓದಿ ಹೇಳುವುದು ನನ್ನ ಕೆಲಸ. ಗಂಡ ತೀರಿಕೊಂಡ ಮೇಲೆ ಈ ಮನೆಗೆ ಬಂದೆ. ಬಂದ ವರ್ಷವೇ ಈ ಕೆಲಸ ಹೆಗಲಿಗೆ ಬಿತ್ತು. ನಾನು ಕಲಿತದ್ದು ಮೂರನೇ ತರಗತಿವರೆಗೆ. ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತೇನೆ. ಅವನಿಗೆ ಅದೇ ಬೇಕು. ಅವನ ಹೆಂಡತಿ ಓದಿದರೆ ಬೈಗುಳ ಬಂದಲ್ಲಿ ದನಿ ಏರುತ್ತದೆ, ಹೊಗಳಿಕೆ ಬಂದಲ್ಲಿ ಎರಡೆರಡು ಸಲ ಓದುತ್ತಾಳೆ.

"ಅಕ್ಕ ಓದಿದ್ರೆ ಬೈಗುಳಾನೂ ಲಾಂಡ್ರಿ ಪಟ್ಟಿ ಥರ ಕೇಳ್ಸುತ್ತೆ," ಎನ್ನುತ್ತಾನೆ ತಮ್ಮ. "ನಾಲ್ಕು ಅಂಗಿ, ಎರಡು ಪ್ಯಾಂಟು, ಒಂದು ನಿನ್ನ ಬಾಯಿಗಿಷ್ಟು ಮಣ್ಣು ಹಾಕ."

ಟೀವಿಗೆ ಬರುವ ಮೊದಲು ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುತ್ತಿದ್ದ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಕೂಗುವ ಕೆಲಸ. ಅವನ ಕಿಟಕಿಯಿಂದ ಗೇಟು ಮಾತ್ರ ಕಾಣುತ್ತಿತ್ತು. ಬಸ್ಸಿನ ಹಣೆಯ ಬೋರ್ಡು ಓದುವ ಮೊದಲೇ, ತಿರುವಿನಲ್ಲಿ ಅದು ಯಾವ ಕಡೆಗೆ ವಾಲುತ್ತದೆ ಎಂದು ನೋಡಿ ಇಂಥದ್ದೇ ಬಸ್ಸು ಎಂದುಬಿಡುತ್ತಿದ್ದ. ತಪ್ಪುತ್ತಿರಲಿಲ್ಲ. ಚಾಲಕರು ಅವನಿಗೆ ‘ಮೈಕು’ ಎಂದು ಹೆಸರಿಟ್ಟರು. ನಿಲ್ದಾಣದ ಹಿಂದಿನ ಸಿಮೆಂಟು ಅಂಗಳದಲ್ಲಿ ಚಾಲಕರೂ ಮೆಕ್ಯಾನಿಕ್ಕುಗಳೂ ಸಂಜೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಒಂದು ಸಂಜೆ ಮೈಕನ್ನು ಎತ್ತಿಕೊಂಡು ಹಿಂದಿನ ಕಿಟಕಿಗೆ ಹೋಗಿ ಆ ಆಟವನ್ನೇ ಹೇಳತೊಡಗಿದ. ಮೂರು ಬಸ್ಸಿನ ಪ್ರಯಾಣಿಕರು ಕೇಳುತ್ತಾ ನಿಂತು ಬಸ್ಸು ತಪ್ಪಿಸಿಕೊಂಡರು. ಮೇಲಧಿಕಾರಿ ಬೈದು ವಿವರಣೆ ಕೇಳಿದ. ಬಸ್ಸು ತಪ್ಪಿಸಿಕೊಂಡವರಲ್ಲಿ ಒಬ್ಬ ಟೀವಿ ಕಚೇರಿಯವನು. ಅವನೇ ಇವನನ್ನು ಕರೆದುಕೊಂಡು ಹೋದ. ಅದಾಗಿ ಇಪ್ಪತ್ತೆರಡು ವರ್ಷ.

ಬಸ್ಸು ಗುರುತಿಸಿದ ಹಾಗೆಯೇ ಆಟಗಾರರನ್ನೂ ಗುರುತಿಸುತ್ತಿದ್ದ. ಅಂಗಿಯ ಬೆನ್ನಿನ ಮೇಲೆ ಇಷ್ಟು ದಪ್ಪ ನಂಬರು ಇರುತ್ತದೆ, ಇವನು ಅದನ್ನು ನೋಡುವವನಲ್ಲ. "ಅಂಗಿ ಯಾರು ಬೇಕಾದ್ರೂ ಹಾಕ್ಕೋಬಹುದು ಅಕ್ಕ, ನಡಿಗೆ ಸಾಲ ತರೋಕಾಗಲ್ಲ," ಎನ್ನುತ್ತಿದ್ದ. ಆದ್ದರಿಂದ ಬೇರೆಯವರಿಗಿಂತ ಅರೆಗಳಿಗೆ ಮೊದಲೇ ಹೆಸರು ಅವನ ಬಾಯಿಂದ ಬರುತ್ತಿತ್ತು. ಜನ ಮೆಚ್ಚಿದ್ದು ಅದನ್ನೇ.

ಇತ್ತೀಚೆಗೆ ಫ್ಯಾಂಟಸಿ ಆಟ ಎಂದು ಒಂದು ಬಂದಿದೆ. ನೋಡುವವರು ತಮಗೆ ಬೇಕಾದ ಆಟಗಾರರನ್ನು ಆರಿಸಿ ಫೋನಿನಲ್ಲಿ ತಮ್ಮದೇ ತಂಡ ಕಟ್ಟುತ್ತಾರೆ. ನಿಜವಾದ ಅಂಗಳದಲ್ಲಿ ಆ ಆಟಗಾರ ಬುಟ್ಟಿಗೆ ಚೆಂಡು ಹಾಕಿದರೆ, ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿದರೆ, ಇವರಿಗೆ ಮನೆಯಲ್ಲಿ ಅಂಕ. ವಾರಕ್ಕೊಬ್ಬ ವಿಜೇತ, ಅವನ ಹೆಸರು ಟೀವಿಯಲ್ಲಿ ಬರುತ್ತದೆ. ಯಾರನ್ನು ಆರಿಸಬೇಕು ಎಂದು ಬುಧವಾರ ಸಂಜೆ ಟೀವಿಯಲ್ಲಿ ಅರ್ಧ ಗಂಟೆ ನನ್ನ ತಮ್ಮ ಸಲಹೆ ಕೊಡುತ್ತಿದ್ದ. ಅಭಿಪ್ರಾಯಗಳ ರಾಶಿ ಬೆಳೆದದ್ದು ಆಮೇಲೆ. ಕಚೇರಿಯವರು ಶನಿವಾರ ಅವನ್ನೆಲ್ಲ ನನಗೋಸ್ಕರ ದಪ್ಪಕ್ಷರದಲ್ಲಿ ಮುದ್ರಿಸಿ ಕೊಡುತ್ತಿದ್ದರು.

ಭಾನುವಾರ ಅವನು ವಾರದ ಆರು ಅಂಗಿಗೆ ಇಸ್ತ್ರಿ ಹಾಕುತ್ತಾನೆ. ನಾನು ಊಟದ ಮೇಜಿನ ಈ ತುದಿ, ಅವನು ಆ ತುದಿ.

"‘ನೀವು ಹೇಳಿದವನನ್ನೇ ತಂಡಕ್ಕೆ ಹಾಕಿಕೊಂಡೆ. ಅವನು ಇಡೀ ಆಟ ಬೆಂಚಿನ ಮೇಲೆ ಕೂತು ನೀರು ಕುಡಿದ. ಮುಂದಿನ ವಾರದಿಂದ ನೀರು ಕುಡಿದದ್ದಕ್ಕೂ ಅಂಕ ಕೊಡಿಸಿ.’"

"ಸರಿ, ಮುಂದೆ."

"‘ನಿಮ್ಮ ಟೈ ನಿಮ್ಮ ಸಲಹೆಗಿಂತ ಚೆನ್ನಾಗಿದೆ.’"

"ಟೈ ನಾನು ಆರಿಸಿದ್ದು," ಎಂದಳು ಒಲೆಯ ಹತ್ತಿರದಿಂದ ಅವನ ಹೆಂಡತಿ.

"‘ಚೆಂಡು ಕೈಗೆ ಸಿಗೋಕೆ ಮುಂಚೆ ಹೆಸರು ಹೇಳ್ತೀರಲ್ಲ, ಅಷ್ಟೇ ಬೇಗ ನಮ್ಮ ಬೀದಿಗೆ ನೀರು ಯಾವಾಗ ಬರುತ್ತೆ ಹೇಳಿ.’"

ಎಲ್ಲ ಫೋನಿನಿಂದ ಬಂದವು. ಕಾಗದದ ಮೇಲೆ ಬರೆದು ಅಂಚೆಗೆ ಹಾಕುವವನು ಒಬ್ಬನೇ, ಒಬ್ಬ ಗಡಿಯಾರ ರಿಪೇರಿಯವನು. ವಾರ ತಪ್ಪಿಸದೆ ಒಂದು ಕಾರ್ಡು. ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ತಮ್ಮ ಏನು ಹೇಳಿದ, ಏನು ಹೇಳಬೇಕಿತ್ತು ಎಂದು ಸಣ್ಣ ಅಕ್ಷರದಲ್ಲಿ ತುಂಬಿರುತ್ತಿದ್ದ. ತಮ್ಮನಿಗೆ ಅವನನ್ನು ಕಂಡರಾಗದು. "ಮೊಸರಲ್ಲಿ ಕಲ್ಲು ಹುಡುಕೋನು. ಅವನದು ಕೊನೇಗಿರ್ಲಿ."

ಈ ವರ್ಷ ಫೈನಲ್ ಪಂದ್ಯದ ಕಾಮೆಂಟರಿ ತಮ್ಮನಿಗೆ ಸಿಗುವ ಹಾಗಿತ್ತು. ಇಷ್ಟು ವರ್ಷ ಫೈನಲ್ ಹೇಳುತ್ತಿದ್ದ ಹಿರಿಯರು ನಿವೃತ್ತರಾಗಿದ್ದರು. ಉಳಿದವರು ಇಬ್ಬರು: ಇವನು, ಇನ್ನೊಬ್ಬ ಆಡುವುದು ಬಿಟ್ಟು ಬಂದ ಆಟಗಾರ. ಇಬ್ಬರಲ್ಲಿ ಯಾರು ಎಂಬುದನ್ನು ಜನರ ಅಭಿಪ್ರಾಯ ನೋಡಿ ತೀರ್ಮಾನಿಸುತ್ತೇವೆ ಎಂದು ಟೀವಿ ಕಚೇರಿಯ ಮುಖ್ಯಸ್ಥ ಹೇಳಿದ್ದ. ಇಪ್ಪತ್ತೆರಡು ವರ್ಷದಲ್ಲಿ ತಮ್ಮ ಒಂದು ಫೈನಲ್ಲನ್ನೂ ಹೇಳಿರಲಿಲ್ಲ. ಅವನ ಹೆಂಡತಿ ಅದಕ್ಕೆಂದೇ ಹೊಸ ಕೋಟಿಗೆ ಅಳತೆ ಕೊಡಿಸಿ ಬಂದಿದ್ದಳು.

ಫೈನಲ್ಲಿಗೆ ಎರಡು ವಾರ ಇರುವಾಗ ಒಂದು ಗೊಂದಲವಾಯಿತು. ಶಾಲಾ ವ್ಯಾನು ಓಡಿಸುವ ಒಬ್ಬ ಹೆಂಗಸನ್ನು ಫ್ಯಾಂಟಸಿ ಆಟದ ವಾರದ ವಿಜೇತೆ ಎಂದು ಟೀವಿಯಲ್ಲಿ ತೋರಿಸಿದರು. ಮರುದಿನ ಬೆಳಿಗ್ಗೆ, ಅಂಕ ತಪ್ಪಾಗಿತ್ತು ಎಂದು ಹೇಳಿ ಅವಳ ಹೆಸರು ತೆಗೆದು ಬೇರೊಬ್ಬನದು ಹಾಕಿದರು. ಜನ ರೇಗಿದರು. ಕಚೇರಿಯಲ್ಲಿ ಕಂಪ್ಯೂಟರಿಗೆ ಅಂಕ ಒತ್ತುವ ಮೇಜಿನ ಹುಡುಗಿಯದು ತಪ್ಪು ಎಂದು ಮುಖ್ಯಸ್ಥ ತೀರ್ಮಾನಿಸಿ, ತಿಂಗಳು ಮುಗಿದ ಮೇಲೆ ಬರಬೇಡ ಎಂದ. ತಿಂಗಳು ಮುಗಿಯಲು ಒಂಬತ್ತು ದಿನ ಇತ್ತು. ಇದನ್ನು ತಮ್ಮ ಊಟ ಮಾಡುತ್ತಾ ಹೇಳಿದ್ದ. "ಪಾಪ, ಒಳ್ಳೇ ಹುಡುಗಿ. ಕೈ ಜಾರಿರ್ಬೇಕು."

ಆ ಭಾನುವಾರ ಕಾಗದ ಎಂದಿಗಿಂತ ದಪ್ಪ ಇತ್ತು. ಎಲ್ಲ ಮುಗಿಸಿ ಗಡಿಯಾರದವನ ಕಾರ್ಡು ತೆಗೆದುಕೊಂಡೆ.

"ಅದೊಂದು ಬಿಡಿ ಅತ್ತಿಗೆ," ಎಂದಳು ಅವನ ಹೆಂಡತಿ. "ಬೆಳ್ಳಂಬೆಳಿಗ್ಗೆ ತಲೆನೋವು."

ಕಟ್ಟಿನಲ್ಲಿ ಇದ್ದದ್ದನ್ನು ಬಿಡುವುದು ಹೇಗೆ, ಓದಿದೆ. "‘ಮೂರನೇ ಕ್ವಾರ್ಟರ್. ನಾಲ್ಕು ನಿಮಿಷ ಹತ್ತು ಸೆಕೆಂಡು ಉಳಿದಿರುವಾಗ ಪುಟಿದ ಚೆಂಡು ಹಿಡಿದವನು ಹನ್ನೊಂದನೇ ನಂಬರಿನವನು. ತಾವು ಹದಿನಾಲ್ಕರವನ ಹೆಸರು ಹೇಳಿದಿರಿ. ಮೂರು ನಿಮಿಷ ಐದು ಸೆಕೆಂಡು ಇರುವಾಗ ಮತ್ತೆ ಹಾಗೆಯೇ. ಎರಡು ನಿಮಿಷಕ್ಕೆ ಮತ್ತೆ. ಮೂರು ಸಲವೂ ನನ್ನ ಫೋನಿನಲ್ಲಿ ಅಂಕ ಹದಿನಾಲ್ಕಕ್ಕೆ ಏರಿತು. ತಾವು ಹೇಳಿದ ಎರಡು ಸೆಕೆಂಡಿನೊಳಗೆ ಏರಿತು.’"

ತಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟ. "ಕೊನೇದು ಇನ್ನೊಂದು ಸಲ ಓದು."

ಓದಿದೆ.

"ಹನ್ನೊಂದರವನಿಗೆ ಅವತ್ತು ಕಾಲು ಉಳುಕಿತ್ತು," ಎಂದ. "ಹದಿನಾಲ್ಕರವನು ಯಾವಾಗ್ಲೂ ಸ್ವಲ್ಪ ಕುಂಟ್ತಾ ನಡೀತಾನೆ."

ನನಗೆ ಅರ್ಥವಾಗುವ ಹಾಗೆ ಅವನೇ ವಿವರಿಸಿದ. ಅಂಗಳದಿಂದ ಯಾರು ಏನು ಮಾಡಿದರು ಎಂಬ ಹಾಳೆ ಐದೈದು ನಿಮಿಷಕ್ಕೆ ಬರುತ್ತದೆ. ಅದನ್ನು ನೋಡಿ ಅಂಕ ಒತ್ತಬೇಕು. ಆದರೆ ಜನರಿಗೆ ಫೋನಿನಲ್ಲಿ ತಕ್ಷಣ ಕಾಣಬೇಕು. ಆದ್ದರಿಂದ ಮೇಜಿನವರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಇವನು ಹೇಳಿದ ಹೆಸರಿಗೆ ಅಂಕ ಒತ್ತಿ, ಹಾಳೆಯ ಜೊತೆ ಮರುದಿನ ತಾಳೆ ನೋಡುವುದು ರೂಢಿಯಾಗಿತ್ತು. ಇವನು ತಪ್ಪುವವನೇ ಅಲ್ಲವಲ್ಲ. ವ್ಯಾನಿನ ಹೆಂಗಸಿನ ತಂಡದಲ್ಲಿ ಹದಿನಾಲ್ಕರವನಿದ್ದ, ಅವಳಿಗೆ ಇಲ್ಲದ ಅಂಕ ಬಂದದ್ದು ಹಾಗೆ. ಆ ಹುಡುಗಿ ‘ಸಾರ್ ಹೇಳಿದ್ದನ್ನೇ ಒತ್ತಿದೆ’ ಎಂದು ಹೇಳಿದ್ದಳಂತೆ. ಮುಖ್ಯಸ್ಥ ನಂಬಿರಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು," ಎಂದ ತಮ್ಮ.

"ಕುಂಬಳಕಾಯಿ ಕಳ್ಳ ಅಂತ ನಿಮ್ಮನ್ನ ಯಾರೂ ಅಂದಿಲ್ಲ, ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?" ಎಂದಳು ಹೆಂಡತಿ. "ಎರಡು ವಾರ ಸುಮ್ನಿರಿ. ಫೈನಲ್ ಮುಗೀಲಿ. ಆಮೇಲೆ ಹೋಗಿ ಆ ಹುಡುಗಿ ಪರವಾಗಿ ಹೇಳಿ, ನಾನೇನು ಬೇಡ ಅಂತೀನಾ?"

"ಅಷ್ಟೊತ್ತಿಗೆ ಅವಳು ಮನೇಲಿ ಕೂತಿರ್ತಾಳೆ."

"ಅತ್ತಿಗೆ, ನೀವಾದ್ರೂ ಹೇಳಿ ನಿಮ್ಮ ತಮ್ಮಂಗೆ."

"ನಾನು ಓದೋಳು," ಎಂದೆ. "ಕಾರ್ಡಿನಲ್ಲಿದ್ದದ್ದು ಓದಿದೀನಿ."

"ಅಕ್ಕ ತಮ್ಮ ಇಬ್ರೂ ಒಂದೇ ಅಚ್ಚು," ಎಂದು ಅವಳು ಪಾತ್ರೆಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಮುಚ್ಚಿದಳು.

ಸೋಮವಾರ ಅವನು ಕಚೇರಿಯಲ್ಲಿ ಆ ಆಟವನ್ನು ಮತ್ತೆ ಹಾಕಿಸಿ ನೋಡಿದ. ಮೂರು ಸಲವೂ ಹನ್ನೊಂದೇ. ಮುಖ್ಯಸ್ಥನಿಗೆ ಹೇಳಿದ. ಮುಖ್ಯಸ್ಥ, "ನಮ್ಮೊಳಗೇ ಇರ್ಲಿ ಬಿಡಿ, ಫೈನಲ್ ಹತ್ರ ಬಂತು," ಎಂದನಂತೆ. "ಹುಡುಗಿ?" ಎಂದು ಇವನು ಕೇಳಿದ್ದಕ್ಕೆ, "ಯಾರದೋ ತಲೆ ಮೇಲೆ ಹಾಕ್ಲೇಬೇಕಲ್ಲ," ಎಂದನಂತೆ.

ಬುಧವಾರ ಸಂಜೆಯ ಕಾರ್ಯಕ್ರಮದಲ್ಲಿ, ಯಾರನ್ನು ಆರಿಸಬೇಕು ಎಂದು ಹೇಳುವ ಮೊದಲು, ತಮ್ಮ ಕಡ್ಡಿ ಮುರಿದ ಹಾಗೆ ಹೇಳಿದ: ಹನ್ನೊಂದನ್ನು ನಾನು ಮೂರು ಸಲ ಹದಿನಾಲ್ಕು ಎಂದೆ. ನನ್ನ ಮಾತು ಕೇಳಿ ಅಂಕ ಒತ್ತಿದರು. ಒತ್ತಿದವರದು ತಪ್ಪಲ್ಲ. ವ್ಯಾನು ಓಡಿಸುವ ತಾಯಿಯ ಹೆಸರು ಬಂದು ಹೋಗಿದ್ದು ನನ್ನ ಬಾಯಿಂದ. ಇಷ್ಟು ಹೇಳಿ ಸಲಹೆಗೆ ಹೋದ. ಎರಡು ನಿಮಿಷವೂ ಆಗಿರಲಿಲ್ಲ.

ಮುಂದಿನ ಭಾನುವಾರ ಅಭಿಪ್ರಾಯ ಓದಿ ಮುಗಿಸಲು ನನಗೆ ಮಧ್ಯಾಹ್ನದ ಊಟ ದಾಟಿತು. ಎಣಿಸಿಕೊಂಡು ಹೋದೆ. ಹೊಗಳಿದವರಿಗಿಂತ ತೆಗಳಿದವರು ಮೂವತ್ತೊಂದು ಜನ ಹೆಚ್ಚು. ‘ಇಷ್ಟು ವರ್ಷದಲ್ಲಿ ಇನ್ನೆಷ್ಟು ಹನ್ನೊಂದು ಹದಿನಾಲ್ಕಾಗಿದೆಯೋ’ ಎಂದು ಒಬ್ಬ ಬರೆದಿದ್ದ. ‘ಕನ್ನಡಕ ಹಾಕಿಕೊಳ್ಳಿ, ಇಲ್ಲ ಮನೆಗೆ ಹೋಗಿ’ ಎಂದು ಇನ್ನೊಬ್ಬ. ‘ಒಪ್ಪಿಕೊಂಡವನನ್ನು ಬೈದರೆ ನಾಳೆ ಯಾರು ಒಪ್ಪಿಕೊಳ್ಳುತ್ತಾರೆ’ ಎಂದು ಒಬ್ಬ ಹೆಂಗಸು. ವ್ಯಾನಿನ ತಾಯಿಯೂ ಬರೆದಿದ್ದಳು: ‘ಮಕ್ಕಳಿಗೆಲ್ಲ ಮಿಠಾಯಿ ಹಂಚಿ ಆಗಿತ್ತು. ವಾಪಸ್ ಕೇಳೋಕಾಗತ್ತಾ? ಬಿಡಿ.’ ಗಡಿಯಾರದವನ ಕಾರ್ಡಿನಲ್ಲಿ ಈ ಮಾತಿನ ಪ್ರಸ್ತಾಪವೇ ಇರಲಿಲ್ಲ. ಬುಧವಾರದ ಕಾರ್ಯಕ್ರಮ ಒಂದು ನಿಮಿಷ ಐವತ್ತು ಸೆಕೆಂಡು ತಡವಾಗಿ ಮುಗಿಯಿತು ಎಂದು ಮಾತ್ರ ಇತ್ತು.

ಫೈನಲ್ ಆ ಮಾಜಿ ಆಟಗಾರನ ಪಾಲಾಯಿತು. "ನಿಮ್ಮ ಮೇಲೆ ಗೌರವ ಹೆಚ್ಚಾಯ್ತು," ಎಂದು ಮುಖ್ಯಸ್ಥ ಇವನ ಕೈ ಕುಲುಕಿ ಹೇಳಿದನಂತೆ. "ಗೌರವನ ಕೋಟಿನ ಮೇಲೆ ಹೊಲಿಸ್ಕೊಳ್ಳಿ," ಎಂದಳು ಹೆಂಡತಿ. ಮೂರು ದಿನ ಅವಳು ಗಂಡನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಏನಾದರೂ ಹೇಳುವುದಿದ್ದರೆ ನನಗೆ ಹೇಳುತ್ತಿದ್ದಳು, ಅವನೂ ನನಗೇ ಉತ್ತರ ಕೊಡುತ್ತಿದ್ದ. ಹುಡುಗಿಯನ್ನು ಕೆಲಸದಲ್ಲಿ ಉಳಿಸಿಕೊಂಡರು. ತಮ್ಮನಿಗೆ ವಾರದ ದಿನಗಳ ಸಣ್ಣ ಪಂದ್ಯಗಳು ಮಾತ್ರ ಉಳಿದವು, ಬುಧವಾರದ ಸಲಹೆಯೂ ಹೋಯಿತು.

ಫೈನಲ್ ಸಂಜೆ ಆರಕ್ಕೆ. ಮೂವರೂ ಟೀವಿ ಮುಂದೆ ಕೂತೆವು. ಮಾಜಿ ಆಟಗಾರ ಚೆನ್ನಾಗಿಯೇ ಹೇಳುತ್ತಿದ್ದ. ನಂಬರು ನೋಡಿ, ಒಂದು ಗಳಿಗೆ ತಡಮಾಡಿ ಹೇಳುತ್ತಿದ್ದ. "ಅನ್ನ ಆರಿಸಿ ತಿನ್ನೋನ ಥರ," ಎಂದಳು ತಮ್ಮನ ಹೆಂಡತಿ. ಎರಡನೇ ಕ್ವಾರ್ಟರಿನಲ್ಲಿ ಅವನೂ ಒಂದು ಹೆಸರು ತಪ್ಪಿದ. ತಮ್ಮ ಕುರ್ಚಿಯಿಂದ ಮುಂದಕ್ಕೆ ಬಂದು ಫೋನು ತೆಗೆದುಕೊಂಡ. ಅಂಕ ಒತ್ತುವ ಹುಡುಗಿಗೆ ಮಾಡಿದ. ಅವಳ ದನಿ ನಮಗೂ ಕೇಳಿಸುತ್ತಿತ್ತು.

"ಅಮ್ಮಾ, ಈಗ ಹೇಳಿದ್ದು ತಪ್ಪು ಹೆಸರು. ಒತ್ತಿಬಿಟ್ಯಾ?"

"ಇಲ್ಲ ಸಾರ್. ಹಾಳೆ ಬರ್ಲಿ ಅಂತ ಕಾಯ್ತಿದೀನಿ. ಈಗ ಯಾರ ಮಾತೂ ಕೇಳಲ್ಲ."

"ಒಳ್ಳೇದು. ಹಿಡಿದೋನು ಐದನೇ ನಂಬರು."

"ನಿಮ್ಮದೂ ಕೇಳಲ್ಲ ಸಾರ್," ಎಂದಳು ಹುಡುಗಿ.

ತಮ್ಮ ಫೋನು ಇಟ್ಟ. ಅವನ ಹೆಂಡತಿ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು, ಅವನ ಕಡೆ ತಿರುಗಿಯೇ ನಕ್ಕಳು. ಐದು ನಿಮಿಷ ಕಳೆದು ಫೋನಿನಲ್ಲಿ ಅಂಕ ಏರಿತು. ಐದನೇ ನಂಬರಿಗೇ ಏರಿತ್ತು. ಅವನು ಅದನ್ನು ನೋಡಿ ಮತ್ತೆ ಆಟ ನೋಡತೊಡಗಿದ.